ಆಳಲು ಬಾರದವರು

ಆವಿಯ ಪೈಪು ಒಡೆದು ಅಸ್ರಾಳ ಎಡಗೆನ್ನೆ ಬೆಂದುಹೋಯಿತು. ಮಾಲೀಕ ಓಡಿ ಬಂದ. ಬಂದವನು ಮೊದಲು ಕೇಳಿದ್ದು ಬೇಸಿನ್ನಿನಲ್ಲಿದ್ದ ರೇಷ್ಮೆಗೂಡು ಏನಾಯಿತು ಎಂದು.

ಸುತ್ತ ನಿಂತ ಹೆಂಗಸರೆಲ್ಲ ಅದನ್ನು ಕೇಳಿಸಿಕೊಂಡರು. ಅಸ್ರಾ ನೆಲದ ಮೇಲೆ ಹೊರಳುತ್ತಿದ್ದಳು. ಅವಳ ದೊಡ್ಡಮ್ಮ ಅಮೀರುನ್ನೀಸಾ ತನ್ನ ಸೆರಗನ್ನು ತಣ್ಣೀರಲ್ಲಿ ಅದ್ದಿ ಆ ಮುಖಕ್ಕೆ ಹಿಡಿದಿದ್ದಳು. ಸೆರಗು ತೆಗೆದಾಗ ಅದರ ಜೊತೆ ಚರ್ಮವೂ ಬಂತು.

ರಾಮನಗರದಿಂದ ಒಸಿ ಹೊರಗೆ, ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಹೋದರೆ ಸಿಗುವ ರೇಷ್ಮೆ ನೂಲಿನ ಕಾರ್ಖಾನೆ ಅದು. ಉದ್ದನೆಯ ಶೆಡ್ಡು. ಸಾಲಾಗಿ ಬೇಸಿನ್ನುಗಳು. ಬೇಸಿನ್ನಿನಲ್ಲಿ ಸುಡುನೀರು. ನೀರಿನಲ್ಲಿ ಬೆಂದ ಗೂಡು. ಹೆಂಗಸರು ಬರಿಗೈ ಅದ್ದಿ ಗೂಡಿನ ಎಳೆ ಹುಡುಕಿ ರಾಟೆಗೆ ಹತ್ತಿಸಬೇಕು. ಎಳೆ ತುಂಡಾದರೆ ಮತ್ತೆ ಕೈ ಅದ್ದಬೇಕು. ಬೆರಳಿನ ತುದಿ ಮೊದಲು ಬೆಳ್ಳಗಾಗುತ್ತದೆ. ಆಮೇಲೆ ಸುಲಿಯುತ್ತದೆ. ಆಮೇಲೆ ಸೀಳುತ್ತದೆ. ಸೀಳಿದ ಬೆರಳಲ್ಲೇ ಮನೆಗೆ ಹೋಗಿ ಬಿಸಿ ಮುದ್ದೆ ಕಟ್ಟಬೇಕು, ಖಾರ ಅರೆಯಬೇಕು. ಸತ್ತ ಹುಳದ ನಾತ ಸೀರೆಗೂ ತಲೆಗೂದಲಿಗೂ ಅಂಟಿಕೊಂಡು ಜೊತೆಗೆ ಬರುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಬೇರೆ ಸೀಟು ಹುಡುಕುತ್ತಾರೆ.

ಅಂಕಮ್ಮನಿಗೆ ಇದರ ಮೇಲೆ ಇನ್ನೊಂದು ಕೆಲಸವಿತ್ತು. ಅವಳು ಕೈಲಾಂಚದ ಕಡೆಯ ಒಂದು ಊರಿನ ಕಾಲೋನಿಯವಳು. ಎಲ್ಲರ ಹಾಗೆ ನೂಲು ತೆಗೆಯುವ ಕೆಲಸಕ್ಕೇ ಸೇರಿದವಳು. ಸೇರಿದ ವಾರದಲ್ಲಿ ಮೇಸ್ತ್ರಿ ಪುಟ್ಟಸ್ವಾಮಿ ಪೊರಕೆ ಮತ್ತು ಆಸಿಡ್ ಬಾಟಲಿ ತಂದು ಅವಳ ಕಾಲ ಹತ್ತಿರ ಇಟ್ಟ.

"ಸಂಜೆ ಹೋಗೋಕ್ ಮುಂಚೆ ಕಕ್ಕಸು ತೊಳ್ದ್‌ಬುಟ್ಟು ಹೋಗು."

"ನಾನು ನೂಲು ತೆಗೆಯಕ್ಕೆ ಬಂದಿರೋಳು."

"ಗೊತ್ತು ಕಣಮ್ಮಿ. ಇದನ್ನ ಇನ್ಯಾರಿಗ್ ಹೇಳಾನ?"

ಅವನು ಜಾತಿಯ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ. ಅಂಕಮ್ಮ ವರ್ಷಗಟ್ಟಲೆ ತೊಳೆದಳು. ಸುಲಿದ ಬೆರಳಿಗೆ ಆಸಿಡ್ ತಾಗಿದಾಗ ಹಲ್ಲು ಕಚ್ಚಿಕೊಂಡಳು. ಜೊತೆಯ ಹೆಂಗಸರು ಒಳಗೆ ಹೋಗಿ ಬಂದು, ನೀರು ಹಾಕದೆ, ಅವಳ ಮುಂದೆಯೇ ಹಾದು ಹೋಗುತ್ತಿದ್ದರು. ಅಮೀರುನ್ನೀಸಾಳೂ ಹಾಗೇ ಹೋಗಿದ್ದಳು.

ಅಸ್ರಾಳ ಮುಖ ಬೆಂದ ದಿನ ಕೆಲಸ ನಿಂತಿತು. ಯೂನಿಯನ್ನಿನ ನಟರಾಜು ಬಂದ.

ನಟರಾಜು ಕೈಲಾಂಚದವನು. ಹಿಪ್ಪುನೇರಳೆ ತೋಟವಿರುವ ಮನೆ. ಕಾನೂನು ಓದಿದ್ದ, ಕೋರ್ಟಿಗೆ ಹೋಗಲಿಲ್ಲ. ಕೆಂಪು ಬಾವುಟ ಹಿಡಿದ. ಅವನು ಬರಿ ಮಾತಿನವನು ಎಂದರೆ ಸುಳ್ಳಾಗುತ್ತದೆ. ಅಸ್ರಾಳನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದವನು ಅವನೇ. ಗೇಟಿನ ಮುಂದೆ ಧರಣಿ ಕೂತಾಗ ಮಾಲೀಕನ ಕಡೆಯವರು ದೊಣ್ಣೆ ತಂದರು. ಮೊದಲ ಏಟು ತಿಂದವನು ಅವನೇ. ಮೊಣಕೈ ಮುರಿಯಿತು. ಆವತ್ತಿನಿಂದ ಅಮೀರುನ್ನೀಸಾ ಅವನನ್ನು ಅಣ್ಣ ಎಂದು ಕರೆದಳು. ನಮಾಜಿನಲ್ಲಿ ಅವನ ಹೆಸರನ್ನೂ ಸೇರಿಸಿ ದುವಾ ಕೇಳುತ್ತಿದ್ದಳು.

ಅಂಕಮ್ಮ ಕಾಮ್ರೇಡ್ ಎಂದಳು, ಅಣ್ಣ ಎನ್ನಲಿಲ್ಲ. ಒಮ್ಮೆ ಮುಷ್ಕರದ ಕೆಲಸಕ್ಕೆ ಅವನ ಮನೆಗೆ ಹೋಗಿದ್ದಳು. ಬಾಯಾರಿಕೆ ಎಂದಾಗ ಅವನ ತಾಯಿ ಚೊಂಬಿನಿಂದ ಮೇಲೆತ್ತಿ ಅವಳ ಬೊಗಸೆಗೆ ನೀರು ಹೊಯ್ದಳು. ನಟರಾಜು ಜಗಲಿಯ ಮೇಲೇ ಇದ್ದ. ಫೋನು ನೋಡುತ್ತಿದ್ದ. ನೀರು ಮುಗಿಯುವವರೆಗೂ ನೋಡುತ್ತಲೇ ಇದ್ದ.

ಮುಷ್ಕರದ ದಿನಗಳಲ್ಲಿ ಭಾನುವಾರ ಐಜೂರಿನ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪಾರ್ಟಿಯ ಕ್ಲಾಸು ನಡೆಯುತ್ತಿತ್ತು. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಚಾಪೆಯ ಮೇಲೆ. ನಟರಾಜು ಎದೆ ತುಂಬಿ ಮಾತಾಡುತ್ತಿದ್ದ.

"ಕ್ರಾಂತಿ ಆದ ಮಾರನೇ ದಿನ ಕಾರ್ಖಾನೆ ಯಾರ್ದು?"

"ನಮ್ದು!"

"ಸರ್ಕಾರ ಯಾರ್ದು?"

"ನಮ್ದು!"

ಅಂಕಮ್ಮ ಕೈ ಎತ್ತಿದಳು. "ಅಲ್ಲ ಕಾಮ್ರೇಡ್, ಒಸಿ ಬುಡ್ಸಿ ಹೇಳಿ. ನಮ್ದು ಅಂದ್ರೆ ನಾವೇ ನಡ್ಸೋದಾ? ಇಲ್ಲಾ ನಮ್ ಪರವಾಗಿ ಇನ್ಯಾರೋ ನಡ್ಸೋದಾ?"

"ಮೊದಮೊದಲು ಪಾರ್ಟಿ ನಡೆಸುತ್ತೆ. ಜನ ಹಳೇ ಸಮಾಜದಿಂದ ಬಂದಿರ್ತಾರೆ, ಅಂಕಮ್ಮ. ಆಳೋದು ಅಂದ್ರೆ ಹುಡುಗಾಟ ಅಲ್ಲ. ಕಾನೂನು ಗೊತ್ತಿರಬೇಕು, ಮಾರ್ಕೆಟ್ಟು ಗೊತ್ತಿರಬೇಕು. ಜನಕ್ಕೆ ತಿಳುವಳಿಕೆ ಬಂದ ಮೇಲೆ ಅವರೇ ನಡೆಸ್ಕೋತಾರೆ."

"ತಿಳುವಳ್ಕೆ ಬಂತು ಅಂತ ಯಾರ್ ಹೇಳ್ತಾರೆ?"

"ಪಾರ್ಟಿ ಹೇಳುತ್ತೆ."

"ಅದು ಹೇಳ್ದೇ ಹೋದ್ರೆ?"

ಕುರ್ಚಿಯವರು ನಕ್ಕರು. ನಟರಾಜುವೂ ನಕ್ಕ. "ಒಳ್ಳೇ ಪ್ರಶ್ನೆ. ಟೀ ಕುಡಿದು ಮುಂದುವರಿಸೋಣ. ಅಂಕಮ್ಮ, ಕೆಳಗಡೆಯಿಂದ ಟೀ ತಗೊಂಡ್ ಬಾ."

ಅಂಕಮ್ಮ ಟೀ ತಂದಳು. ಎಲ್ಲರೂ ಕುಡಿದರು. ಲೋಟಗಳನ್ನು ತೊಳೆದಿಟ್ಟಳು. ಆ ಪ್ರಶ್ನೆಗೆ ಯಾರೂ ವಾಪಸು ಬರಲಿಲ್ಲ.

ಮಾಲೀಕ ಬಗ್ಗಲಿಲ್ಲ. ಗೇಟಿಗೆ ಬೀಗ ಜಡಿದು ಬೆಂಗಳೂರಿಗೆ ಹೋಗಿ ಕೂತ. ಫೋನ್ ಎತ್ತಲಿಲ್ಲ. ನಟರಾಜು ಲೇಬರ್ ಆಫೀಸಿಗೆ ಅಲೆದ. ಅಲ್ಲಿ ಇವತ್ತು ಬಾ ನಾಳೆ ಬಾ ಆಯಿತು. ಹೆಂಗಸರು ಗೇಟಿನ ಮುಂದೆ ಒಣಗಿದರು. ಕೆಲವರು ಬಿಡದಿ ಕಡೆ ಮನೆಗೆಲಸ ಹುಡುಕಿಕೊಂಡು ರೈಲು ಹತ್ತಿದರು.

ಒಂದು ಬೆಳಿಗ್ಗೆ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಶುಕೂರ್ ಗೋದಾಮಿನ ಕಿಟಕಿಯಲ್ಲಿ ಬಗ್ಗಿ ನೋಡಿದ. "ಒಣಗಿಸಿದ ಗೂಡು ರಾಶಿ ರಾಶಿ ಐತೆ. ಇಲಿ ತಿಂತಾವೆ."

"ಇಲಿಗೆ ಬೀಗ ಇಲ್ವಾ?" ಎಂದಳು ಅಂಕಮ್ಮ.

ಅವಳು ದಾರಿಯಿಂದ ಒಂದು ಕಲ್ಲು ಎತ್ತಿಕೊಂಡಳು. ಗೇಟಿನ ಬೀಗಕ್ಕೆ ಹೊಡೆದಳು. ಬೀಗ ಒಡೆಯಲಿಲ್ಲ, ಕೈ ಜುಮ್ಮೆಂದಿತು. ಶುಕೂರ್ ಸೌದೆ ಸೀಳುವ ಕೊಡಲಿ ತಂದ. ಚಿಲಕವೇ ಕಿತ್ತು ಬಂತು. ನಟರಾಜುವಿಗೆ ಗೊತ್ತಾಗಿದ್ದು ಬಾಯ್ಲರಿನ ಹೊಗೆ ಮೇಲೆದ್ದ ಮೇಲೆ. ಓಡಿ ಬಂದ. ಮುಖ ಬಿಳಿಚಿತ್ತು. ಆಮೇಲೆ ಹೊಗೆ ನೋಡುತ್ತ ನಿಂತ. ಕಣ್ಣಲ್ಲಿ ನೀರು ಬಂತು. "ಇದು ಚರಿತ್ರೆ" ಎಂದ. ಮೊಬೈಲು ತೆಗೆದು ಫೋಟೊ ಹಿಡಿದ.

ಹೆಂಗಸರು ಕಾರ್ಖಾನೆ ನಡೆಸತೊಡಗಿದರು.

ಸುಲಭವಾಗಿತ್ತು ಎಂದಲ್ಲ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎಲ್ಲರೂ ಶೆಡ್ಡಿನ ನೆಲದ ಮೇಲೆ ಕೂರುತ್ತಿದ್ದರು. ಕೂತರೆ ಜಗಳ. ಬಾಯ್ಲರಿನ ಹತ್ತಿರದ ಬೇಸಿನ್ನು ಯಾರಿಗೆ ಎಂದು ಜಗಳ. ಮಗುವಿಗೆ ಜ್ವರ ಎಂದು ಬೇಗ ಹೋದವಳ ಕೆಲಸ ಯಾರು ಮಾಡಬೇಕು ಎಂದು ಜಗಳ. ಒಂದು ದಿನ ಇಬ್ಬರು ಜುಟ್ಟು ಹಿಡಿದುಕೊಂಡರು. ಮತ್ತೊಂದು ದಿನ ಮಾತು ಉದ್ದವಾಯಿತು. ಶುಕೂರ್ ಬಾಯ್ಲರ್ ಬಿಟ್ಟು ಬಂದು ವಾದಕ್ಕಿಳಿದ. ಅತ್ತ ಬೇಯಲು ಹಾಕಿದ್ದ ಗೂಡೆಲ್ಲ ಗಂಜಿಯಾಯಿತು. ಆ ಗೂಡಿನಿಂದ ಒಂದೆಳೆಯೂ ಬರಲಿಲ್ಲ. ಎಲ್ಲರೂ ತಲೆ ಮೇಲೆ ಕೈ ಹೊತ್ತರು. ಮಾರನೇ ದಿನದಿಂದ ಮೀಟಿಂಗು ಬಾಯ್ಲರಿನ ಪಕ್ಕದಲ್ಲೇ ನಡೆಯಿತು. ಸೆಕೆಗೆ ಬೆವರು ಇಳಿಯುತ್ತಿತ್ತು. ಮಾತುಗಳು ತಾವಾಗೇ ಚಿಕ್ಕವಾದವು.

ಆದರೂ ನೂಲು ಬಂತು. ಶುಕೂರನ ಮಾವ ಅದನ್ನು ಮಾರಿಕೊಟ್ಟ. ಬಂದದ್ದನ್ನು ಶೆಡ್ಡಿನಲ್ಲೇ ಎಲ್ಲರ ಕಣ್ಣೆದುರು ಹಂಚಿದರು. ಆಸ್ಪತ್ರೆಯಿಂದ ಬಂದ ಅಸ್ರಾ ಪಟ್ಟಿ ಕಟ್ಟಿದ ಮುಖದಲ್ಲೇ ಬಂದು ಗೂಡು ಆರಿಸಲು ಕೂತಳು. ಅವಳ ಪಕ್ಕ ಮಾಯಮ್ಮ. ಅವಳು ಮುದುಕಿ. ಹಾಜರಿಯಲ್ಲಿ ಹೆಸರೇ ಇಲ್ಲದೆ ಎಷ್ಟೋ ವರ್ಷದಿಂದ ಅಲ್ಲಿ ಗೂಡು ಆರಿಸುತ್ತಿದ್ದವಳು. ಮಾಲೀಕನಿಗೂ ಮೇಸ್ತ್ರಿಗೂ ಅವಳು ಬರಿ 'ಮುದ್ಕಿ'.

ಅಂಕಮ್ಮ ಕಕ್ಕಸಿನ ಮಾತು ಎತ್ತಿದಳು.

"ಇಷ್ಟು ದಿವ್ಸ ನಾನ್ ತೊಳ್ದೆ. ಇನ್ಮೇಲೆ ತೊಳೆಯಲ್ಲ."

ಇಂಥದನ್ನೇ ನ್ಯಾಯ ಎಂದು ಭಾನುವಾರ ಕೂಗಿದವರು ಈಗ ನೆಲ ನೋಡಿದರು. ಆಗ ಶುಕೂರ್ ಎದ್ದ. "ಎಲ್ರೂ ಹೋಗ್ತೀವಿ. ಎಲ್ರೂ ತೊಳೀಬೇಕು. ಇವತ್ತು ನಾನು." ಪೊರಕೆ ತೆಗೆದುಕೊಂಡು ಹೋದ. ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಮತ್ತೆ ಒಳಗೆ ಹೋದ.

ಸರದಿ ಶುರುವಾಯಿತು. ಅಮೀರುನ್ನೀಸಾಳ ಸರದಿ ಬಂದ ಸಂಜೆ ಅವಳು ಈಚೆ ಬಂದು ಅಂಕಮ್ಮನ ಮುಂದೆ ನಿಂತಳು. ಕೈ ಮೂಸಿ ನೋಡಿಕೊಂಡು ಅಳತೊಡಗಿದಳು. ಅಂಕಮ್ಮನಿಗೆ ಅಯ್ಯೋ ಎನಿಸಲಿಲ್ಲ. ಅಳಲಿ ಎನಿಸಿತು.

ಮೇಸ್ತ್ರಿ ಪುಟ್ಟಸ್ವಾಮಿ ಈ ಹೊತ್ತಿಗೆ ವಾಪಸು ಬಂದಿದ್ದ. ನಾನೂ ಕಾರ್ಮಿಕನೇ ಎಂದು ಯೂನಿಯನ್ನಿಗೆ ಸೇರಿದ್ದ. ಅವನ ಸರದಿ ಬಂದಾಗ ಸೊಂಟ ಹಿಡಿದಿದೆ ಎಂದ. ಮತ್ತೆ ಬಂದಾಗ ಹೆಂಡತಿಯನ್ನು ಕಳಿಸಿದ. ಆ ಹೆಂಗಸು ಪೊರಕೆ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. "ನೀನ್ ಯಾಕವ್ವ ಬಂದೆ? ಹೋಗು, ಅವನೇ ಬರ್ಲಿ" ಎಂದು ಅಂಕಮ್ಮ ಅವಳನ್ನು ಮನೆಗೆ ಕಳಿಸಿದಳು. ಪುಟ್ಟಸ್ವಾಮಿ ಬರಲಿಲ್ಲ.

ನಟರಾಜುವಿನ ಹೆಸರೂ ಸರದಿಯಲ್ಲಿತ್ತು. ದಿನಾ ಬಂದು ಆಫೀಸು ಕೋಣೆಯಲ್ಲಿ ಕೂರುತ್ತಿದ್ದ. ಅವನೂ ಅದೇ ಕಕ್ಕಸಿಗೇ ಹೋಗುತ್ತಿದ್ದ. ಅವನ ದಿನ ಬಂತು. ಅವನು ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ, ಪುಟ್ಟಸ್ವಾಮಿ ಮತ್ತು ಪಾರ್ಟಿಯ ಇನ್ನಿಬ್ಬರ ಜೊತೆ ಬಂದ. ರಾಟೆ ನಿಲ್ಲಿಸಿ ಎಲ್ಲರನ್ನೂ ಕರೆದ.

"ಕಾಮ್ರೇಡ್ಸ್, ನಿಮ್ಮ ಉತ್ಸಾಹ ದೊಡ್ಡದು. ಆದ್ರೆ ಉತ್ಸಾಹದಿಂದ ಕಾರ್ಖಾನೆ ನಡೆಯಲ್ಲ. ಗೂಡು ಗಂಜಿ ಆಯ್ತು. ದಿನಾ ಜಗಳ. ಊರೋರು ನಗ್ತಾವ್ರೆ. ಶಿಸ್ತು ಬೇಕು. ಇನ್ಮೇಲೆ ಒಂದು ಕಮಿಟಿ ಇರುತ್ತೆ. ತೀರ್ಮಾನ ಅದು ಮಾಡುತ್ತೆ. ಕೆಲ್ಸದ ಉಸ್ತುವಾರಿ ಪುಟ್ಟಸ್ವಾಮಿದು. ಅವ್ನಿಗೆ ಅನುಭವ ಐತೆ."

"ಕಮಿಟೀಲಿ ನಾವ್ ಯಾರ್ ಅವ್ರೆ?" ಎಂದಳು ಅಂಕಮ್ಮ.

"ನಿಮ್ಮ ಪರವಾಗಿ ನಾನಿದೀನಲ್ಲ."

"ನಿನ್ನೆ ನಿಮ್ ಸರದಿ ಇತ್ತು."

ನಟರಾಜು ಉಸಿರು ಬಿಟ್ಟ. ಮಗುವಿಗೆ ಹೇಳುವ ಹಾಗೆ ಹೇಳಿದ. "ಅಂಕಮ್ಮ, ನಾನು ಡಿ.ಸಿ. ಆಫೀಸಿಗೆ ಹೋಗಬೇಕು, ಲಾಯರ್ ನೋಡಬೇಕು, ಬೆಂಗಳೂರಲ್ಲಿ ಮೀಟಿಂಗು. ನಾನು ಕಕ್ಕಸು ತೊಳೀತಾ ಕೂತ್ರೆ ಹೋರಾಟ ಯಾರು ಮಾಡ್ತಾರೆ? ಎಲ್ರೂ ಎಲ್ಲಾ ಮಾಡೋಕೆ ಆಗಲ್ಲ. ನೀವಿನ್ನೂ ಆಳೋಕೆ ತಯಾರಾಗಿಲ್ಲ. ಬೇಜಾರು ಮಾಡ್ಕೋಬೇಡ, ಇದು ಸತ್ಯ."

ಅಂಕಮ್ಮ ಅಸ್ರಾಳ ಹತ್ತಿರ ಹೋದಳು. ಭುಜ ಹಿಡಿದು ಎಬ್ಬಿಸಿದಳು. ಪಟ್ಟಿ ತೆಗೆದ ಕೆನ್ನೆ ಹಸಿ ಮಾಂಸದ ಬಣ್ಣದ್ದು. ಒಂದು ಕಣ್ಣು ಅರ್ಧ ಮುಚ್ಚಿಕೊಂಡೇ ಇತ್ತು.

"ನಾವು ಗೂಡು ಗಂಜಿ ಮಾಡುದ್ವು. ದಿಟ. ಮಾಲೀಕ ಈ ಹುಡ್ಗಿ ಮುಖ ಬೇಯಿಸ್ದ. ಪೈಪು ತೂತಾಗೈತೆ ಅಂತ ಶುಕೂರಣ್ಣ ಬಾಯ್ ಬಡ್ಕಂಡ್ರೂ ಕೇಳ್ನಿಲ್ಲ. ಆವತ್ತು ಯಾರಾದ್ರೂ ಬಂದು, ಮಾಲೀಕರಿಗೆ ಆಳೋಕ್ ಬರಲ್ಲ, ಅವರಿನ್ನೂ ತಯಾರಾಗಿಲ್ಲ ಅಂದ್ರಾ? ನಮ್ಗೆ ಮಾತ್ರ ಯಾಕೆ ಪರೀಕ್ಷೆ?"

ಆಗ ಅಮೀರುನ್ನೀಸಾ ಬಾಯಿ ಬಿಟ್ಟಳು.

"ಬಿಡು ಅಂಕಮ್ಮ. ಅಣ್ಣ ಹೇಳೋದು ಸರಿ. ನಮ್ಗೆ ಓದಕ್ ಬರಲ್ಲ, ಬರೆಯಕ್ ಬರಲ್ಲ. ನಾಳೆ ಪೊಲೀಸ್ ಬಂದ್ರೆ ನಾವ್ ಏನ್ ಮಾತಾಡ್ತೀವಿ? ನಮ್ಗೋಸ್ಕರ ಕೈ ಮುರ್ಕೊಂಡೋರು. ಯಾರಾದ್ರೂ ಒಬ್ರು ದೊಡ್ಡೋರು ಇರ್ಬೇಕು."

ಅರ್ಧಕ್ಕಿಂತ ಹೆಚ್ಚು ತಲೆಗಳು ಹೌದೆಂದು ಆಡಿದವು. ಅಂಕಮ್ಮ ಆ ತಲೆಗಳನ್ನು ನೋಡಿದಳು.

ಪುಟ್ಟಸ್ವಾಮಿ ಕಾದಿದ್ದವನ ಹಾಗೆ ಅಂದೇ ಸಂಜೆ ಅವಳ ಬೇಸಿನ್ನಿನ ಹತ್ತಿರ ಬಂದ. ಪೊರಕೆಯನ್ನು ಅವಳ ಕೈಗೇ ಹಿಡಿಸಿದ.

"ಸರದಿ ಗಿರದಿ ಎಲ್ಲ ಕ್ಯಾನ್ಸಲ್ ಕಣಮ್ಮಿ. ಕಮಿಟಿ ಆರ್ಡರ್ರು. ಗೊತ್ತಿರೋರು ಗೊತ್ತಿರೋ ಕೆಲ್ಸ ಮಾಡ್ಬೇಕು."

ಅಂಕಮ್ಮ ಪೊರಕೆ ಹಿಡಿದುಕೊಂಡು ಎದ್ದಳು. ಆಫೀಸು ಕೋಣೆಗೆ ಹೋದಳು. ನಟರಾಜು ಫೋನಿನಲ್ಲಿದ್ದ. ಪೊರಕೆಯನ್ನು ಅವನ ಮೇಜಿನ ಮೇಲೆ, ಟೀ ಲೋಟದ ಪಕ್ಕ ಇಟ್ಟಳು. ಅದರ ತುದಿಯಿಂದ ನೀರು ಸೋರಿ ಮೇಜಿನ ಮೇಲೆ ಹರಿಯಿತು. ನಟರಾಜು ಕುರ್ಚಿ ಹಿಂದಕ್ಕೆ ಎಳೆದುಕೊಂಡ.

"ಏನಿದು?"

"ಮಾಡಲ್ಲ. ಮಾಲೀಕನ್ ಕಾಲ್ದಲ್ಲಿ ಹೊಟ್ಟೆಗಾಗಿ ಮಾಡ್ದೆ. ನಿಮ್ ಕ್ರಾಂತೀಲೂ ಅದೇ ಮಾಡ್ಬೇಕಾ? ಮಾಡಲ್ಲ."

ಅವಳು ಮಾಡಲಿಲ್ಲ. ಬೇರೆ ಯಾರೂ ಮಾಡಲಿಲ್ಲ. ಕಕ್ಕಸು ನಾರಿತು. ನಾತ ಶೆಡ್ಡಿನ ಒಳಗೆ ಬಂತು. ಹೆಂಗಸರು ಹಿತ್ತಲ ಬೇಲಿಯ ಹಿಂದೆ ಹೋದರು. ಬೆಳಗಿನ ಮೀಟಿಂಗು ನಿಂತುಹೋಯಿತು. ಪುಟ್ಟಸ್ವಾಮಿ ಸಾಲುಗಳ ನಡುವೆ ಓಡಾಡುತ್ತ ಮೊದಲಿನ ಹಾಗೆಯೇ ಗದರಿಸತೊಡಗಿದ. ಬೇಸಿನ್ನಿನ ಮೇಲೆ ಬಗ್ಗಿದವರ ಬೆನ್ನು ತಟ್ಟಿ 'ಬೇಗ ಬೇಗ' ಎಂದ. ಈಗ ಅವನ ಜೇಬಿನ ಮೇಲೆ ಕೆಂಪು ಬ್ಯಾಡ್ಜಿತ್ತು. ಅಷ್ಟೇ ವ್ಯತ್ಯಾಸ.

ತಿಂಗಳು ಕಳೆದಿರಬೇಕು. ಒಂದು ದಿನ ಗೇಟಿನ ಮುಂದೆ ಶಾಮಿಯಾನ ಹಾಕಿದರು. ಬಾವುಟ ಕಟ್ಟಿದರು. ಮೈಕ್ ತಂದರು. ವಿಜಯೋತ್ಸವ ಎಂದರು. ಯಾವ ವಿಜಯ ಎಂದು ಹೆಂಗಸರಿಗೆ ಗೊತ್ತಿರಲಿಲ್ಲ. ಅಮೀರುನ್ನೀಸಾ ಮಾತ್ರ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಹಾರ ತಂದಿದ್ದಳು. ತಾನೇ ಅಣ್ಣನಿಗೆ ಹಾಕಬೇಕು ಎಂದು ಕೇಳಿಕೊಂಡಿದ್ದಳು.

ನಟರಾಜು ಮೈಕ್ ಹಿಡಿದ. ಮಾಲೀಕ ಮಣಿದಿದ್ದಾನೆ ಎಂದ. ಅವನೇ ವಾಪಸು ಬಂದು ಕಾರ್ಖಾನೆ ನಡೆಸುತ್ತಾನೆ, ಯೂನಿಯನ್ನಿಗೆ ಮಾನ್ಯತೆ ಸಿಗುತ್ತದೆ, ಕಮಿಟಿಯ ಜೊತೆ ಮಾತಾಡದೆ ಮಾಲೀಕ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಗಂಡಸರು ಚಪ್ಪಾಳೆ ತಟ್ಟಿದರು. ಆಮೇಲೆ ಅವನ ಧ್ವನಿ ತಗ್ಗಿತು. ಬೀಗ ಒಡೆದದ್ದು ಕಾನೂನಿನ ಕಣ್ಣಲ್ಲಿ ಅಪರಾಧ. ಹಾಗಾಗಿ ಅಂಕಮ್ಮ ಮತ್ತು ಶುಕೂರ್ ಸದ್ಯಕ್ಕೆ ಹೊರಗಿರಬೇಕಾಗುತ್ತದೆ. ಮತ್ತೆ ಆರೋಗ್ಯದ ದೃಷ್ಟಿಯಿಂದ ಅಸ್ರಾ ಕೂಡ.

ಅಮೀರುನ್ನೀಸಾ ಹಾರ ಹಿಡಿದುಕೊಂಡು ವೇದಿಕೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳು ಮೇಲೆ ಹತ್ತಲಿಲ್ಲ.

"ಅಣ್ಣ, ಅಸ್ರಾ ಯಾಕೆ?"

ನಟರಾಜು ಮೈಕಿಗೆ ಕೈ ಅಡ್ಡ ಹಿಡಿದ. "ಆಮೇಲೆ ಮಾತಾಡೋಣ ಅಮೀರಮ್ಮ."

"ಅವ್ಳ ಮುಖ ಬೆಂದಿದ್ದಕ್ಕೇ ತಾನೇ ಇದೆಲ್ಲ ಶುರುವಾಗಿದ್ದು? ಅವ್ಳನ್ನೇ ಬಿಟ್ಟು ಏನು ಗೆದ್ವಿ?"

"ಆ ಮುಖ ನೋಡಿದ್ರೆ ಬೇರೆ ಹೆಂಗಸ್ರು ಹೆದರ್ತಾರೆ ಅಂತಾರೆ ಮಾಲೀಕ್ರು. ಪರಿಹಾರ ಕೊಡಿಸ್ತೀನಿ. ದೊಡ್ಡದು ಸಿಗಬೇಕಾದ್ರೆ ಸಣ್ಣದು ಬಿಟ್ಟುಕೊಡಬೇಕಾಗುತ್ತೆ."

"ಬಿಟ್ಕೊಡೋ ಮುಂಚೆ ನಮ್ಮನ್ನ ಕೇಳಿದ್ರಾ?"

ನಟರಾಜು ಸುತ್ತ ನೋಡಿದ. ಜನ ನೋಡುತ್ತಿದ್ದರು. ಅವನ ಮುಖ ಕೆಂಪಾಯಿತು. "ಎಲ್ಲದಕ್ಕೂ ನಿಮ್ಮನ್ನ ಕೇಳ್ತಾ ಕೂತ್ರೆ ಆಗುತ್ತಾ? ನಿಮಗೇನು ಗೊತ್ತಾಗುತ್ತೆ ಇದೆಲ್ಲ?"

ಅಮೀರುನ್ನೀಸಾ ಮೆಟ್ಟಿಲಿಳಿದಳು. ಹಾರ ಎಲ್ಲಿ ಬಿತ್ತೋ ಅವಳಿಗೆ ಗೊತ್ತಿಲ್ಲ. ಅಸ್ರಾಳ ಕೈ ಹಿಡಿದಳು. ಗೇಟಿನ ಕಡೆ ನಡೆದಳು. ಅಂಕಮ್ಮ ಹಿಂದೆಯೇ ನಡೆದಳು. ಮಾಯಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಒಬ್ಬೊಬ್ಬರಾಗಿ ಹೆಂಗಸರು ಎದ್ದರು. ಎಲ್ಲರೂ ಅಲ್ಲ. ಹಲವರು ಕೂತಲ್ಲೇ ಕೂತರು, ಮುಖ ಬೇರೆ ಕಡೆ ತಿರುಗಿಸಿದರು. ಒಳಗೆ ಹೋದವರು ಗೇಟು ಹಾಕಿದರು. ಶುಕೂರ್ ಒಳಗಿನಿಂದ ಸರಪಳಿ ಸುತ್ತಿದ. ಹೊರಗೆ ಮೈಕಿನಲ್ಲಿ ಕೂಗಿ ಕರೆದರು. ಬೇಡಿಕೊಂಡರು. ಬೈದರು. ಒಳಗಿನವರು ಗೇಟು ತೆಗೆಯಲಿಲ್ಲ.

ಮಾರನೇ ದಿನ ಹತ್ತು ಗಂಟೆಯ ಹೊತ್ತಿಗೆ ಪೊಲೀಸ್ ವ್ಯಾನ್ ಬಂತು. ಸರಪಳಿ ಕತ್ತರಿಸಿದರು. ಹೆಂಗಸರು ಬೇಸಿನ್ನಿನ ಕಾಲು ತಬ್ಬಿ ಕೂತಿದ್ದರು. ಮಹಿಳಾ ಪೇದೆಗಳು ಒಂದೊಂದೇ ಬೆರಳು ಬಿಡಿಸಿದರು. ಸುಲಿದ ಬೆರಳು, ಬಿಡಿಸಿದಲ್ಲಿ ರಕ್ತ ಬಂತು. ಅಂಕಮ್ಮನನ್ನು ಜುಟ್ಟು ಹಿಡಿದು ಎಳೆದರು. ಸೀರೆ ಬಿಚ್ಚಿಕೊಂಡಿತು. ಅವಳು ಒಂದು ಕೈಯಲ್ಲಿ ಸೀರೆ ಹಿಡಿದು, ಇನ್ನೊಂದು ಕೈಯನ್ನು ಬೇಸಿನ್ನಿನಿಂದ ಬಿಡಲೇ ಇಲ್ಲ. ಕೊನೆಗೆ ಲಾಠಿಯಿಂದ ಮಣಿಕಟ್ಟಿಗೆ ಹೊಡೆದರು. ಶುಕೂರನನ್ನು ಬೇರೆ ಜೀಪಿಗೆ ತಳ್ಳಿದರು.

ಠಾಣೆಯಲ್ಲಿ ಹೆಂಗಸರನ್ನು ಗೋಡೆಯ ಪಕ್ಕ ನೆಲದ ಮೇಲೆ ಕೂರಿಸಿದರು. ಎಸ್.ಐ. ಕುರ್ಚಿ ಎಳೆದುಕೊಂಡು ಕೂತ.

"ನಿಮ್ ಲೀಡರ್ ಯಾರು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಯಾರೂ ಇಲ್ಲ ಸಾಮಿ" ಎಂದಳು ಅಂಕಮ್ಮ.

"ಲೀಡರ್ ಇಲ್ದೆ ಅದೆಂಗೆ ಒಳಗೆ ಹೋಗಿ ಗೇಟ್ ಹಾಕೊಂಡ್ರಿ? ಯಾರೋ ಹೇಳಿಕೊಟ್ಟಿರ್ಬೇಕು."

"ಕಾಲಿತ್ತು, ನಡ್ಕೊಂಡ್ ಹೋದ್ವು."

ಎಸ್.ಐ.ಗೆ ಸಿಟ್ಟು ಬಂತು. ದೂರಿನಲ್ಲಿದ್ದ ಹೆಸರುಗಳನ್ನು ಓದಿದ. ಎಲ್ಲರ ಹೆಸರೂ ಇತ್ತು. ಮಾಯಮ್ಮನದು ಮಾತ್ರ ಇರಲಿಲ್ಲ. ಹೆಸರುಗಳನ್ನು ಕೊಟ್ಟವರು ಕಮಿಟಿಯವರು. ಮುದುಕಿಯ ಹೆಸರು ಅವರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಠಾಣೆಯ ಮುಂದೆ ಒಂದು ಬಿಳಿ ಕಾರು ನಿಂತಿತು. ಮಾಲೀಕನ ಕಾರು. ಅದರಿಂದ ನಟರಾಜು ಇಳಿದ. ರಾತ್ರಿ ನಿದ್ದೆ ಮಾಡಿದವನ ಹಾಗಿರಲಿಲ್ಲ. ಎಸ್.ಐ. ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದ. ಆಮೇಲೆ ಹೆಂಗಸರ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ. ಅವನು ಅವರ ಎದುರು ನೆಲದ ಮಟ್ಟಕ್ಕೆ ಕೂತದ್ದು ಅದೇ ಮೊದಲು.

"ಕೇಸ್ ಆಗದ ಹಾಗೆ ಮಾತಾಡಿದೀನಿ. ಒಂದು ಮುಚ್ಚಳಿಕೆ ಬರ್ಕೊಡಿ ಸಾಕು. ತಪ್ಪಾಯ್ತು, ಇನ್ಮೇಲೆ ಯೂನಿಯನ್ ಹೇಳಿದ ಹಾಗೆ ಕೇಳ್ತೀವಿ ಅಂತ. ನಾನು ಜವಾಬ್ದಾರಿ ತಗೊಂಡು ಕರ್ಕೊಂಡು ಹೋಗ್ತೀನಿ. ಅಮೀರಮ್ಮ, ನೀನಾದ್ರೂ ಹೇಳು ಇವರಿಗೆ. ನಾನು ಬಿಡಿಸದೇ ಹೋದ್ರೆ ನಿಮ್ಮನ್ನ ಇನ್ಯಾರು ಬಿಡಿಸ್ತಾರೆ?"

ಎಲ್ಲರೂ ಅಮೀರುನ್ನೀಸಾಳನ್ನು ನೋಡಿದರು. ಅಂಕಮ್ಮನೂ ನೋಡಿದಳು. ಅಮೀರುನ್ನೀಸಾ ಹೋಗುತ್ತಾಳೆ ಎಂದೇ ಅವಳಿಗೆ ಅನಿಸಿತ್ತು. ಹೋದರೆ ಅರ್ಧ ಜನ ಹೋಗುತ್ತಾರೆ.

ಅಮೀರುನ್ನೀಸಾ ಬಹಳ ಹೊತ್ತು ಅವನ ಮುರಿದ ಕೈಯನ್ನೇ ನೋಡಿದಳು. ಅದು ಇನ್ನೂ ನೇರ ಬರುತ್ತಿರಲಿಲ್ಲ.

"ಈ ಕೈ ನಮ್ಗೋಸ್ಕರ ಮುರೀತು. ನಾನ್ ಮರೆಯಲ್ಲ" ಎಂದಳು. "ಆದ್ರೆ ಅದಕ್ಕೆ ಬದ್ಲು ನಮ್ಮನ್ನೇ ಕೊಡು ಅಂತೀಯಲ್ಲ, ಅದು ಆಗಲ್ಲ. ಹೋಗು ನಟರಾಜು."

ಅಣ್ಣ ಎನ್ನಲಿಲ್ಲ. ನೀವು ಎನ್ನಲಿಲ್ಲ. ನಟರಾಜುವಿಗೆ ಅದು ಏಟಿನ ಹಾಗೆ ತಾಗಿತು.

"ನಿಮ್ಮಂಥೋರಿಗೆ ಒಳ್ಳೇದು ಮಾಡೋಕೆ ಬಂದಿದ್ದು ನನ್ನ ತಪ್ಪು" ಎಂದ.

"ನಮ್ಮಂಥೋರು" ಎಂದಳು ಅಂಕಮ್ಮ. "ಬಂತು ನೋಡು ಬಾಯಿಗೆ."

ಎಸ್.ಐ. ಬೇಸತ್ತು ಎದ್ದ. ಸಂಜೆಯೊಳಗೆ ಎಲ್ಲರನ್ನೂ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲು ಹೇಳಿದ. "ಈ ಅಜ್ಜಿ ಹೆಸ್ರು ದೂರಿನಲ್ಲಿಲ್ಲ. ಇವಳನ್ನ ಕಳ್ಸಿ. ನಟರಾಜು, ನೀವೇ ಕಾರಲ್ಲಿ ಬಿಟ್ಬಿಡಿ."

ಮಾಯಮ್ಮ ಗೋಡೆಗೆ ಒತ್ತಿಕೊಂಡಳು. "ನಾನ್ ಒಬ್ಳೇ ಹೋಗಾಕಿಲ್ಲ. ನನ್ನೂ ಜೈಲಿಗ್ ಹಾಕಿ."

ಅವಳ ಕಣ್ಣು ಮಾತ್ರ ಬಾಗಿಲ ಕಡೆಗಿತ್ತು. ಮನೆಯಲ್ಲಿ ತಾಯಿಯಿಲ್ಲದ ಮೊಮ್ಮಗಳಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಹೆಂಗಸರು ತಲೆ ಕೂಡಿಸಿದರು. ಪೇದೆ ಸುಮ್ಮನಿರಿ ಎಂದಳು. ಅವರು ಸುಮ್ಮನಿರಲಿಲ್ಲ. ಒಬ್ಬಳು ಅವಳು ಹೋಗಬಾರದು ಎಂದಳು, ಒಗ್ಗಟ್ಟು ಮುರಿಯುತ್ತದೆ ಎಂದಳು. ಅಂಕಮ್ಮನಿಗೂ ಮೊದಲು ಹಾಗೇ ಅನಿಸಿತು, ಬಾಯಿಬಿಟ್ಟು ಹೇಳಿದಳು ಕೂಡ. ಅಮೀರುನ್ನೀಸಾ ಒಪ್ಪಲಿಲ್ಲ. ಮಕ್ಕಳು ಸ್ಕೂಲಿನಿಂದ ಬರುವ ಹೊತ್ತು, ಯಾರ ಮನೆಯಲ್ಲೂ ಯಾರೂ ಇಲ್ಲ, ಎಲ್ಲರ ಮನೆಗೂ ಒಬ್ಬರು ಹೋಗಿ ಹೇಳಬೇಕು, ಒಲೆ ಹಚ್ಚಬೇಕು ಎಂದಳು. ಅಸ್ರಾ ಹೌದೆಂದಳು. ಮಾತು ಜೋರಾಯಿತು. ಅಂಕಮ್ಮ ಸೋತಳು.

"ಹೋಗು ಮಾಯವ್ವ" ಎಂದಳು ಅವಳೇ. "ನಾವು ಕಳಿಸ್ತಿದೀವಿ. ಮೊದ್ಲು ನನ್ ಮನೇಗ್ ಹೋಗ್ಬೇಡ. ಅಮೀರಕ್ಕನ್ ಮನೇಗ್ ಹೋಗು, ಅಲ್ಲಿ ಮಕ್ಳು ಜಾಸ್ತಿ."

ಮಾಯಮ್ಮ ಎದ್ದು ಸೀರೆ ಕೊಡವಿಕೊಂಡಳು. ಬಾಗಿಲಾಚೆ ನಟರಾಜು ಕಾರಿನ ಬಾಗಿಲು ತೆಗೆದು ಹಿಡಿದಿದ್ದ. ಅವನ ಸೋಲು ಅಷ್ಟರಲ್ಲಾದರೂ ಮುಚ್ಚಲಿ ಎಂಬಂತಿತ್ತು.

"ಬಾ ಅಜ್ಜಿ, ಕೂತ್ಕೋ. ಬಿಸಿಲು. ಬಿಟ್ಟು ಬರ್ತೀನಿ."

ಮಾಯಮ್ಮ ಅವನನ್ನು ನೋಡಿದಳು. ಕಾರನ್ನು ಬಳಸಿಕೊಂಡು ರಸ್ತೆಗೆ ಇಳಿದಳು.

"ಅಷ್ಟು ದೂರ ಹೆಂಗೆ ಹೋಗ್ತೀಯ?" ಎಂದು ಅವನು ಕೂಗಿದ.

"ಕಳ್ಸಿರೋದು ಅವ್ರು" ಎಂದಳು ಮಾಯಮ್ಮ, ತಿರುಗದೆ. "ನೀನಲ್ಲ."